ಹಕ್ಕಿಯ ಗರಿ, ಪ್ರಾಣಿಯ ತುಪ್ಪಳ ಬೇಡ: ಟೊರಾಂಟೊದ ಚಳಿಗೆ ಎಂಥ ಕೋಟು?

ಪತ್ರದ ಸಾರ: ದಾವಣಗೆರೆಯ ಓದುಗರೊಬ್ಬರ ಮಗಳು ಆಗಸ್ಟ್ ಕೊನೆಗೆ ಮಾಸ್ಟರ್ಸ್ ಓದಲು ಟೊರಾಂಟೊಗೆ ಹೊರಟಿದ್ದಾಳೆ. ಮನೆಯವರೆಲ್ಲ ಸಸ್ಯಾಹಾರಿಗಳು. ಹಕ್ಕಿಯ ಗರಿ ತುಂಬಿದ್ದು, ಪ್ರಾಣಿಯ ತುಪ್ಪಳ ಹಚ್ಚಿದ್ದು ಬೇಡವೇ ಬೇಡ ಎಂದು ಮಗಳೇ ಹೇಳಿದ್ದಾಳೆ. ಅವೆರಡೂ ಇಲ್ಲದ ಕೋಟು ಅಲ್ಲಿನ ಚಳಿಗೆ ಸಾಕಾಗುತ್ತದೆಯೇ? ಉಣ್ಣೆ ಬಳಸಬಹುದೇ? ಬೆಂಗಳೂರಿನಲ್ಲೇ ಕೊಂಡರೆ ಹೇಗೆ? ಬಹಳ ವರ್ಷ ಬರುವುದನ್ನು ಗುರುತಿಸುವುದು ಹೇಗೆ? ಮಾವನವರ ಕಾಲದ ಬಿನ್ನಿ ಮಿಲ್ಲಿನ ಉಣ್ಣೆಯ ಓವರ್‌ಕೋಟು ಪೆಟ್ಟಿಗೆಯಲ್ಲಿದೆ, ಅದು ಉಪಯೋಗಕ್ಕೆ ಬಂದೀತೇ? ಇವು ಅವರ ಪ್ರಶ್ನೆಗಳು.

ಸಂಪಾದಕರ ಉತ್ತರ:

ಮಾನ್ಯರೇ,

ಸಾಕಾಗುತ್ತದೆ. ನಿಮ್ಮ ಮಗಳು ತನ್ನ ನಿಲುವು ಬಿಡದೆಯೇ ಅಲ್ಲಿನ ಚಳಿಗಾಲವನ್ನು ಬೆಚ್ಚಗೆ ಕಳೆಯಬಹುದು. ಮೈಯ ಬಿಸಿಯನ್ನು ಕಾಯುವುದು ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಆ ಎಳೆ ಗರಿಯದೇ ಆಗಬೇಕೆಂದಿಲ್ಲ. ನೆನೆದರೂ ಬಿಸಿ ಬಿಡದ ಪರ್ಯಾಯ ಬೇಕೆಂದು ಅಮೆರಿಕದ ಸೈನ್ಯ ಹುಡುಕುತ್ತಿದ್ದಾಗ, 1980ರ ದಶಕದಲ್ಲಿ, ಪ್ರಿಮಾಲಾಫ್ಟ್ ಎಂಬ ಸಣ್ಣ ಪಾಲಿಯೆಸ್ಟರ್ ಎಳೆಯ ಪದರ ಹುಟ್ಟಿತು. ಇಂದು ಅಂಥ ಹತ್ತಾರು ಪದರಗಳು ಮಾರುಕಟ್ಟೆಯಲ್ಲಿವೆ.

ಮೊದಲು ಊರಿನ ಚಳಿ ಎಷ್ಟೆಂದು ತಿಳಿಯಬೇಕು. ಟೊರಾಂಟೊದ ಜನವರಿ ರಾತ್ರಿಗಳು ಸಾಮಾನ್ಯವಾಗಿ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿರುತ್ತವೆ, ಕೆಲವು ದಿನ ಮೈನಸ್ 15, 20ರವರೆಗೂ ಇಳಿಯುತ್ತದೆ. ವಿನ್ನಿಪೆಗ್‌ನಲ್ಲಾದರೆ ಮೈನಸ್ 20 ಜನವರಿಯ ಮಾಮೂಲಿ ರಾತ್ರಿ. ಆ ಊರಿನವರು ಸೂಚಿಸುವ ಭಾರೀ ಕೋಟು ಟೊರಾಂಟೊಗೆ ಬೇಕಾಗಿಲ್ಲ. ಬಸ್ಸಿನಲ್ಲಿ, ಮೆಟ್ರೊದಲ್ಲಿ ಅದನ್ನು ಹಾಕಿಕೊಂಡು ಬೆವರುವಂತಾಗುತ್ತದೆ. ಟೊರಾಂಟೊದಲ್ಲಿ ಎಚ್ಚರ ಬೇಕಾದದ್ದು ಗಾಳಿಯ ವಿಷಯದಲ್ಲಿ. ಉಷ್ಣಾಂಶ ಮೈನಸ್ 10 ಇದ್ದು ಗಂಟೆಗೆ 30 ಕಿ.ಮೀ. ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರ ಚಳಿಯಂತೆ ತಟ್ಟುತ್ತದೆ. ಈ ಗಾಳಿಚಳಿಯ ಅಂಕಿ ಮೈನಸ್ 28 ದಾಟಿದರೆ ಹತ್ತರಿಂದ ಮೂವತ್ತು ನಿಮಿಷದಲ್ಲಿ ಚರ್ಮ ಹೆಪ್ಪುಗಟ್ಟುವ ಅಪಾಯವಿದೆ. ಹಾಗಾಗಿ ಹೊರಬಟ್ಟೆ ಗಾಳಿ ತೂರದಷ್ಟು ಒತ್ತಾಗಿರಲಿ, ಉದ್ದ ತೊಡೆಯ ಅರ್ಧದವರೆಗಾದರೂ ಬರಲಿ, ಟೋಪಿ ಕೋಟಿಗೇ ಅಂಟಿಕೊಂಡಿರಲಿ. ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ಜಾಕೆಟ್‌ಗಳಲ್ಲಿ ಹೆಚ್ಚಿನವು ಚಾರಣಕ್ಕೆ ಮಾಡಿದವು, ಸೊಂಟಕ್ಕೇ ನಿಲ್ಲುತ್ತವೆ. ಇಲ್ಲಿಂದ ಥರ್ಮಲ್ ಒಳಉಡುಪು, ಒಂದು ಸ್ವೆಟರ್, ಒಂದು ಗಾಳಿ ತಡೆಯುವ ತೆಳು ಜಾಕೆಟ್ ಒಯ್ದರೆ ಅಕ್ಟೋಬರ್‌ವರೆಗೆ ಸಾಕು. ಕೋಟನ್ನು ಅಲ್ಲೇ, ಹೊಸ ಸರಕು ಬಂದು ಎಲ್ಲ ಅಳತೆಗಳೂ ಇರುವ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಹಾಕಿ ನೋಡಿ ಕೊಳ್ಳಲಿ. ಒಳಗೆ ಹತ್ತಿಯ ಬನಿಯನ್ ಬೇಡ. ಬೆವರು ಹೀರಿಕೊಂಡು ಒಣಗದೆ ಮೈಗೆ ತಣ್ಣಗೆ ಅಂಟುತ್ತದೆ.

ಕೃತಕ ಪದರದ ಕೋಟಿನಲ್ಲಿ ನೋಡಬೇಕಾದ ಅಂಕಿ, ಚದರ ಮೀಟರಿಗೆ ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದು. 60 ಗ್ರಾಂ ಅಂದರೆ ಸ್ವೆಟರಿನ ಬದಲಿ. 100–133 ಅಕ್ಟೋಬರ್‌ಗೂ ಮಾರ್ಚ್ ಕೊನೆಗೂ ಹಿತ. ಟೊರಾಂಟೊದ ನಡುಚಳಿಗೆ ಎದೆ–ಬೆನ್ನಿಗೆ 200ರ ಆಸುಪಾಸು, ತೋಳಿಗೆ 130–150 ಇರುವುದನ್ನು ಆರಿಸಿ, ಒಳಗೊಂದು ಸ್ವೆಟರ್ ಇರಲಿ. ಇನ್ನು ಕೋಟಿನ ಮೇಲೆ ತೂಗುವ ‘ಮೈನಸ್ 30’ ಚೀಟಿಯನ್ನು ನಂಬಿ ಕೊಳ್ಳಬೇಡಿ. ಮಲಗುವ ಚೀಲಗಳಿಗೆ ಅಂತರರಾಷ್ಟ್ರೀಯ ಮಾನಕದ ಪರೀಕ್ಷೆಯಿದೆ. ಪೇಟೆಯ ಕೋಟುಗಳಿಗೆ ಎಲ್ಲ ಕಂಪನಿಗಳೂ ಪಾಲಿಸುವ ಅಂಥ ಒಂದು ಅಳತೆಯಿಲ್ಲ. ಒಂದು ಕಂಪನಿಯ ಮೈನಸ್ 30 ಇನ್ನೊಂದರ ಮೈನಸ್ 15 ಆಗಿರಬಹುದು.

ಕೃತಕ ಪದರಕ್ಕೂ ಒಂದು ದೌರ್ಬಲ್ಯವಿದೆ, ಅದನ್ನು ಮರೆಮಾಚಬಾರದು. ಒತ್ತಿದಷ್ಟೂ ಅದರ ಎಳೆಗಳು ಮುರಿದು ಚಪ್ಪಟೆಯಾಗುತ್ತವೆ, ಚಪ್ಪಟೆಯಾದಲ್ಲಿ ಗಾಳಿ ನಿಲ್ಲುವುದಿಲ್ಲ. ಚೆನ್ನಾಗಿ ನೋಡಿಕೊಂಡ ಗರಿಯ ಕೋಟು ಇದಕ್ಕಿಂತ ಹೆಚ್ಚು ವರ್ಷ ಉಬ್ಬಿಕೊಂಡಿರುತ್ತದೆ. ಆದ್ದರಿಂದ ನಮ್ಮವರು ಸೂಟ್‌ಕೇಸಿನಲ್ಲಿ ಜಾಗ ಉಳಿಸಲು ಬಳಸುವ ಗಾಳಿ ಹೀರುವ ಪ್ಲಾಸ್ಟಿಕ್ ಚೀಲಕ್ಕೆ ಈ ಕೋಟನ್ನು ಹಾಕಲೇಬಾರದು. ಬೇಸಿಗೆಯಿಡೀ ಹಾಗಿಟ್ಟರೆ ಮುಂದಿನ ಚಳಿಗಾಲಕ್ಕೆ ಮೊದಲಿನಷ್ಟು ಬಿಸಿ ಉಳಿದಿರುವುದಿಲ್ಲ. ಹ್ಯಾಂಗರಿಗೆ ಸಡಿಲವಾಗಿ ತೂಗುಹಾಕಬೇಕು. ವಿದ್ಯಾರ್ಥಿಗಳ ಬೆನ್ನಚೀಲವೂ ಇದೇ ಕೆಡುಕು ಮಾಡುತ್ತದೆ: ಲ್ಯಾಪ್‌ಟಾಪ್ ತುಂಬಿದ ಚೀಲದ ಪಟ್ಟಿ ದಿನವೂ ಹೆಗಲನ್ನು ಒತ್ತಿ ಉಜ್ಜುತ್ತದೆ. ಡೆನಿಯರ್ ಎಂದರೆ ಬಟ್ಟೆಯ ಎಳೆ ಎಷ್ಟು ದಪ್ಪ ಎಂಬುದರ ಅಳತೆ; 20 ಡೆನಿಯರ್‌ನ ತೆಳು ಹೊಳಪು ಬಟ್ಟೆ ಅಲ್ಲೇ ಸವೆದು ಹರಿಯುತ್ತದೆ. ಹೊರಬಟ್ಟೆ 70 ಡೆನಿಯರ್ ಅಥವಾ ಅದಕ್ಕೂ ಮೇಲಿನ ನೈಲಾನ್ ಆಗಿರಲಿ.

ಬಾಳಿಕೆಯ ಪ್ರಶ್ನೆಗೆ ಬಂದರೆ, ಕೋಟು ಸಾಯುವುದು ಸಾಮಾನ್ಯವಾಗಿ ಜಿಪ್ಪಿನಿಂದ. ಒಳಗಿನ ಪದರ ಗಟ್ಟಿಯಾಗಿಯೇ ಇರುತ್ತದೆ, ಜಿಪ್ಪು ಕೂರುವುದಿಲ್ಲವೆಂದು ಕೋಟನ್ನೇ ಎಸೆಯುತ್ತಾರೆ. ಅಂಗಡಿಯಲ್ಲಿ ಮೊದಲು ಜಿಪ್ಪಿನ ರನ್ನರ್‌ನ ಹಿಂಬದಿ ನೋಡಲು ಹೇಳಿ. ಅಲ್ಲಿ 5, 8, 10 ಎಂಬ ಅಂಕಿ ಕೆತ್ತಿರುತ್ತದೆ. ಅದು ಹೆಚ್ಚುಕಡಿಮೆ ಮುಚ್ಚಿದ ಹಲ್ಲುಗಳ ಅಗಲ, ಮಿಲಿಮೀಟರಿನಲ್ಲಿ. ಉದ್ದ ಕೋಟಿಗೆ 8 ಅಥವಾ 10 ಬೇಕು. ದಪ್ಪ ಪ್ಲಾಸ್ಟಿಕ್ ಹಲ್ಲಿನದು ಒಳ್ಳೆಯದು: ಅಲ್ಲಿನ ರಸ್ತೆಗಳಿಗೆ ಹಿಮ ಕರಗಿಸಲು ಸುರಿಯುವ ಉಪ್ಪು ಲೋಹದ ಹಲ್ಲಿಗೆ ತುಕ್ಕು ಹಿಡಿಸುತ್ತದೆ, ಚಳಿಯಲ್ಲಿ ಲೋಹ ಬೆರಳಿಗೂ ಕೊರೆಯುತ್ತದೆ. ಕೆಳಗಿನಿಂದಲೂ ತೆರೆಯುವ ಎರಡು ರನ್ನರ್‌ನ ಜಿಪ್ಪಿದ್ದರೆ ಬಸ್ಸಿನಲ್ಲಿ ಕೂತಾಗ ತಳ ಬಿಚ್ಚಬಹುದು. ಇಲ್ಲದಿದ್ದರೆ ಪ್ರತಿ ಸಲ ಕೂತಾಗಲೂ ಬುಡದ ಪಿನ್ನಿನ ಮೇಲೆ ಎಳೆತ ಬಿದ್ದು, ಪಿನ್ನು ಹಿಡಿದಿರುವ ಪಟ್ಟಿ ಕಿತ್ತುಬರುತ್ತದೆ. ಹಲ್ಲುಗಳು ಸರಿಯಿದ್ದೂ ಎಳೆದ ಮೇಲೆ ಹಿಂದೆ ಬಾಯಿ ಬಿಟ್ಟರೆ ಸವೆದಿರುವುದು ರನ್ನರ್ ಮಾತ್ರ. ಅದೇ ಅಂಕಿಯ, ಅದೇ ಜಾತಿಯ ರನ್ನರ್ ಹಾಕಿಸಿದರೆ ಮುಗಿಯಿತು, ಪೂರ್ತಿ ಜಿಪ್ಪು ಬದಲಿಸಬೇಕಿಲ್ಲ.

ಜಿಪ್ಪಿನ ಹಿಂದೆ ಗಾಳಿ ತಡೆಯುವ ಬಟ್ಟೆಯ ಪಟ್ಟಿ ಇದೆಯೇ, ತೋಳಿನ ತುದಿಯೊಳಗೆ ಮಣಿಕಟ್ಟನ್ನು ಹಿಡಿಯುವ ನೇಯ್ಗೆಯ ಕಫ್ ಇದೆಯೇ, ಕಂಕುಳ ಹೊಲಿಗೆಯನ್ನು ಎರಡೂ ಕಡೆ ಎಳೆದಾಗ ದಾರದ ನಡುವೆ ಬೆಳಕು ಕಾಣುತ್ತದೆಯೇ, ಇಷ್ಟನ್ನು ನೋಡಲಿ. ಸ್ವೆಟರ್ ಹಾಕಿಕೊಂಡೇ ಅಳತೆ ನೋಡಬೇಕು. ಎರಡೂ ಕೈ ಮುಂದೆ ಚಾಚಿದಾಗ ತೋಳು ಮಣಿಕಟ್ಟು ದಾಟಿರಬೇಕು, ಬೆನ್ನು ಬಿಗಿಯಬಾರದು. ಬಿಗಿದರೆ ಒಳಗಿನ ಪದರ ಅಲ್ಲಿ ಒತ್ತಿ ತಣ್ಣಗಾಗುತ್ತದೆ.

ಇನ್ನು ಅಹಿಂಸೆಯ ವಿಷಯ. ಡೌನ್ ಎಂದರೆ ಬಾತು, ಹೆಬ್ಬಾತುಗಳ ದೊಡ್ಡ ಗರಿಗಳಡಿ ಇರುವ ಮೆತ್ತನೆಯ ಒಳಗರಿ. ಬಹುಪಾಲು ಮಾಂಸಕ್ಕೆ ಕೊಂದ ಹಕ್ಕಿಗಳಿಂದ ಬರುತ್ತದೆ. ಜೀವಂತ ಹಕ್ಕಿಯಿಂದ ಕೀಳುವ ಕ್ರೌರ್ಯವೂ ನಡೆದದ್ದುಂಟು. 2014ರಲ್ಲಿ ಬಂದ ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್, ಅಂದರೆ ಆರ್‌ಡಿಎಸ್ ಮುದ್ರೆ, ಜೀವಂತ ಕೀಳುವುದನ್ನೂ ಬಲವಂತದ ಉಣಿಸುವಿಕೆಯನ್ನೂ ನಿಷೇಧಿಸುತ್ತದೆ. ಹಕ್ಕಿ ಕೊಲ್ಲಲ್ಪಟ್ಟಿಲ್ಲ ಎಂದು ಆ ಮುದ್ರೆ ಹೇಳುವುದಿಲ್ಲ. ನಿಮ್ಮ ಮನೆಯ ನಿಲುವಿಗೆ ಅದು ಸಾಲದು ಎಂದೇ ನಮ್ಮ ಎಣಿಕೆ. ಕೆನಡಾದ ಚೀಟಿಗಳು ಫ್ರೆಂಚಿನಲ್ಲೂ ಇರುತ್ತವೆ. ಅಲ್ಲಿ ‘ಡ್ಯುವೆ’ ಎಂದಿದ್ದರೆ ಅದು ಇದೇ ಒಳಗರಿ.

ಟೋಪಿಯ ಅಂಚಿನ ತುಪ್ಪಳದಲ್ಲಿ ಬಹಳ ಕಾಲ ಕಯೋಟಿ ಎಂಬ ತೋಳದ ಜಾತಿಯ ಪ್ರಾಣಿಯದೇ ಮೇಲುಗೈ. ಕಾಡಿನಲ್ಲಿ ಉರುಳು, ಬೋನುಗಳಿಂದ ಹಿಡಿಯುವ ಪ್ರಾಣಿ ಅದು. ಈ ಉಡುಪಿಗೇ ಹೆಸರಾದ ಕೆನಡಾ ಗೂಸ್ ಕಂಪನಿ ತುಪ್ಪಳ ಬಿಡುವುದಾಗಿ 2021ರಲ್ಲಿ ಘೋಷಿಸಿತು. ಹಳೆಯ ಕೋಟುಗಳಲ್ಲಿ, ಬೇರೆ ಕಂಪನಿಗಳಲ್ಲಿ ಇನ್ನೂ ಕಾಣುತ್ತದೆ. ಚೀಟಿ ಇಲ್ಲದಿದ್ದರೆ ಕೂದಲನ್ನು ಬೇರ್ಪಡಿಸಿ ಬುಡ ನೋಡಬೇಕು. ಬುಡದಲ್ಲಿ ನೇಯ್ದ ಬಟ್ಟೆ ಕಂಡರೆ ಕೃತಕ, ತೊಗಲು ಕಂಡರೆ ನಿಜ. ನಿಜ ಕೂದಲು ತುದಿಗೆ ಹೋಗುತ್ತ ಚೂಪಾಗುತ್ತದೆ, ಕೃತಕದ್ದು ಮೊಂಡಾಗಿ ಕತ್ತರಿಸಿದಂತಿರುತ್ತದೆ.

ಗರಿ, ತುಪ್ಪಳ, ಚರ್ಮ, ಉಣ್ಣೆ ಯಾವುದೂ ಬೇಡವೆಂದೇ ಕೋಟು ಮಾಡುವ ಕಂಪನಿಗಳೂ ಇವೆ: ಟೊರಾಂಟೊದ ವಕ್ಸ್‌ಲಿ, ಮಾಂಟ್ರಿಯಲ್‌ನ ನಾಯ್ಜ್, ಇಟಲಿಯ ಸೇವ್ ದ ಡಕ್. ಹೆಸರು ನೋಡಿ ಕೊಳ್ಳದೆ, ಮೇಲೆ ಹೇಳಿದ ಜಿಪ್ಪು, ಹೊಲಿಗೆ, ಗ್ರಾಂಗಳನ್ನು ಇವುಗಳಲ್ಲೂ ಪರೀಕ್ಷಿಸಲಿ.

ಉಣ್ಣೆ ಬಳಸಬಹುದೇ ಎಂಬುದಕ್ಕೆ: ಕುರಿಯನ್ನು ಕೊಲ್ಲದೆ ಉಣ್ಣೆ ಕತ್ತರಿಸುವುದು ಸಾಧ್ಯ, ಆದರೆ ಎಲ್ಲ ಉಣ್ಣೆಯೂ ನೋವಿಲ್ಲದ್ದಲ್ಲ. ಮೆರಿನೊ ಕುರಿಯ ಹಿಂಭಾಗದ ಸುಕ್ಕು ಚರ್ಮದಲ್ಲಿ ನೊಣ ಮೊಟ್ಟೆಯಿಟ್ಟು ಹುಳ ಬೀಳುವುದನ್ನು ತಪ್ಪಿಸಲು ಆಸ್ಟ್ರೇಲಿಯಾದಲ್ಲಿ ಮರಿಗಳ ಆ ಚರ್ಮವನ್ನೇ ಕತ್ತರಿಸಿ ತೆಗೆಯುವ ಮ್ಯೂಲ್ಸಿಂಗ್ ಪದ್ಧತಿಯಿದೆ. ನ್ಯೂಜಿಲೆಂಡ್ 2018ರಲ್ಲಿ ಅದನ್ನು ನಿಷೇಧಿಸಿತು. ಹೊಸ ಉಣ್ಣೆ ಕೊಳ್ಳುವುದಾದರೆ ಮ್ಯೂಲ್ಸಿಂಗ್ ಇಲ್ಲವೆಂದು ಸ್ಪಷ್ಟವಾಗಿ ಬರೆದಿರುವುದು, ಇಲ್ಲವೇ ರೆಸ್ಪಾನ್ಸಿಬಲ್ ವುಲ್ ಸ್ಟ್ಯಾಂಡರ್ಡ್, ಅಂದರೆ ಆರ್‌ಡಬ್ಲ್ಯುಎಸ್ ಮುದ್ರೆಯಿರುವುದು ಆಗಲಿ. ಉಣ್ಣೆಯ ಗುಣ ಮಲೆನಾಡಿನ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿ ದನ ಕಾಯುವವರಿಗೆ ಗೊತ್ತು: ತನ್ನ ತೂಕದ ಮೂರರಲ್ಲೊಂದು ಭಾಗದಷ್ಟು ತೇವ ಹೀರಿದರೂ ಒದ್ದೆಯೆನಿಸದು. ಗಾಳಿಯನ್ನು ಮಾತ್ರ ಅದು ಚೆನ್ನಾಗಿ ತಡೆಯಲಾರದು.

ಹೊಲಿಯುವ ಕೈಗಳನ್ನೂ ಮರೆಯಬಾರದು. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಿಳಿದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿಯುವುದು ಇಂಥ ದೇಶಗಳ ಅಂಗಡಿಗಳಿಗೇ. ಪ್ರಾಣಿಗೆ ನೋವಿಲ್ಲದ ಕೋಟು ಮನುಷ್ಯರ ಕೂಲಿ ಕತ್ತರಿಸಿ ಬಂದಿದ್ದರೆ ಅದನ್ನು ಅಹಿಂಸೆ ಎನ್ನಲಾಗದು. ತನ್ನ ಕಾರ್ಖಾನೆಗಳ ಪಟ್ಟಿಯನ್ನು ವಿಳಾಸ ಸಮೇತ ಬಹಿರಂಗಪಡಿಸುವ ಕಂಪನಿಯನ್ನು ಆರಿಸಿ. ನೀರು ಜಾರಿಸುವ ಲೇಪದಲ್ಲಿ ಪಿಎಫ್‌ಎಎಸ್ ರಾಸಾಯನಿಕ ಇಲ್ಲವೆಂಬ ಬರಹವನ್ನೂ ನೋಡಿ. ಮಣ್ಣು, ನೀರಿನಲ್ಲಿ ಬಹಳ ಕಾಲ ನಾಶವಾಗದೆ ಉಳಿಯುವ ಇದನ್ನು ಬಟ್ಟೆಗೆ ಬಳಸದಂತೆ ಕ್ಯಾಲಿಫೋರ್ನಿಯಾ 2025ರಿಂದ ತಡೆದಿದೆ.

ದುಡ್ಡಿನ ಲೆಕ್ಕ ಹೀಗೆ ಹಾಕಿ. 300 ಡಾಲರಿನ ಕೋಟನ್ನು ವರ್ಷಕ್ಕೆ 120 ದಿನದಂತೆ ಐದು ಚಳಿಗಾಲ ಹಾಕಿದರೆ ದಿನಕ್ಕೆ 50 ಸೆಂಟು. 120 ಡಾಲರಿನದು ಒಂದೂವರೆ ಚಳಿಗಾಲಕ್ಕೆ ಹರಿದರೆ ದಿನಕ್ಕೆ ಸುಮಾರು 67 ಸೆಂಟು. ಎರಡಕ್ಕಿಂತ ಅಗ್ಗದ್ದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದು, ಬೇರೆಯವರು ಹಾಕಿ ಬಿಟ್ಟ ಗಟ್ಟಿ ಕೋಟು. ಹೊಸದಕ್ಕಾಗಿ ಏನನ್ನೂ ತಯಾರಿಸಬೇಕಿಲ್ಲ. ಹಾಗೆ ಕೊಳ್ಳುವಾಗ ಮಡಿಕೆಗಳಲ್ಲಿ ಮುಗ್ಗಲು ವಾಸನೆ, ಹೆಗಲಿನ ಚಪ್ಪಟೆ, ಕಫ್‌ನ ಸವೆತ ನೋಡಬೇಕು. ತಿಗಣೆಯ ಭಯವಿರುವುದರಿಂದ ಮನೆಗೆ ತಂದೊಡನೆ ಚೀಲ ಕಟ್ಟಿಯೇ ಇಟ್ಟು, ನೇರ ತೊಳೆಯಲು ಹಾಕಿ, ಚೀಟಿ ಒಪ್ಪುವಷ್ಟು ಬಿಸಿಯಲ್ಲಿ ಡ್ರೈಯರ್‌ನಲ್ಲಿ ಒಣಗಿಸಲಿ.

ತೊಳೆಯುವುದು ಚಳಿಗಾಲಕ್ಕೆ ಒಂದೆರಡು ಸಲ ಸಾಕು. ಜಿಪ್ಪೆಲ್ಲ ಮುಚ್ಚಿ, 30 ಡಿಗ್ರಿ ನೀರಲ್ಲಿ, ಕಡಿಮೆ ದ್ರವ ಸಾಬೂನು ಹಾಕಿ, ಎರಡು ಸಲ ಜಾಲಿಸಬೇಕು. ಬಟ್ಟೆ ಮೃದುವಾಗಿಸುವ ದ್ರಾವಣ ಬೇಡ, ನೀರು ಜಾರಿಸುವ ಲೇಪ ಹಾಳಾಗುತ್ತದೆ. ಕೆಳಗಂಚಿನ ಉಪ್ಪಿನ ಬಿಳಿ ಕಲೆಯನ್ನು ಒದ್ದೆ ಬಟ್ಟೆಯಲ್ಲಿ ಅಂದಂದೇ ಒರೆಸಲಿ.

ಮಾವನವರ ಕೋಟಿನ ವಿಷಯ ಕೊನೆಗಿಟ್ಟದ್ದು ಅದು ನಿಮ್ಮ ಕೈಯಲ್ಲೇ ಇರುವ ಆಸ್ತಿಯಾದ್ದರಿಂದ. ಒಳ ಹೊಲಿಗೆಯ ಮಾರ್ಜಿನ್ನಿನಿಂದ ಒಂದೆಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನೇ ಆರಿ, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಬೆರೆತಿದೆ. ಕತ್ತಲ ಕೋಣೆಯಲ್ಲಿ ಕೋಟಿನೊಳಗೆ ಟಾರ್ಚ್ ಹಿಡಿದು ಕಾಲರಿನ ಅಡಿ, ಕಂಕುಳು, ಜೇಬಿನ ಮುಚ್ಚಳ ಪರೀಕ್ಷಿಸಿ. ನುಸಿಯ ಮರಿಹುಳುಗಳು ಬೆವರು ತಾಗಿದ ಜಾಗವನ್ನೇ ಮೊದಲು ತಿನ್ನುತ್ತವೆ. ಸೂಜಿಯಷ್ಟು ತೂತುಗಳಿದ್ದರೆ ರಫು ಮಾಡಿಸಬಹುದು, ಎಳೆದಾಗ ಬಟ್ಟೆಯೇ ಪಿಸಿದರೆ ಬಿಟ್ಟುಬಿಡಿ. ಹುಳು ಉಳಿದಿರಬಹುದೆಂದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮೈನಸ್ 18ರ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ.

ಆಮೇಲೆ ದರ್ಜಿ. ತೋಳಿನ ಉದ್ದ, ಪಕ್ಕದ ಅಗಲ ಕಡಿಮೆ ಮಾಡುವುದು ಸುಲಭ. ಹೆಗಲು ಕಡಿಮೆ ಮಾಡುವುದು ಎಲ್ಲಕ್ಕಿಂತ ಕಷ್ಟ. ಸ್ವೆಟರ್ ಮೇಲೆ ಹಾಕಿದಾಗ ಹೆಗಲು ಒಂದಿಂಚು ಹೆಚ್ಚಿದ್ದರೆ ಹಾಗೇ ಬಿಡಿ, ಮೂರಿಂಚು ಜೋತರೆ ಕೈಹಾಕಿಸಬೇಡಿ. ಹಳೆಯ ಲೈನಿಂಗ್ ಹರಿದಿದ್ದರೆ 44 ಇಂಚು ಅಗಲದ ಬಟ್ಟೆ ಎರಡೂವರೆ ಮೀಟರ್ ತನ್ನಿ, ಜೊತೆಗೆ ಒತ್ತಾಗಿ ನೇಯ್ದ ಪಾಪ್ಲಿನ್ ಒಂದು ಮೀಟರ್. ಎದೆ–ಬೆನ್ನಿಗೆ ಉಣ್ಣೆಗೂ ಲೈನಿಂಗಿಗೂ ನಡುವೆ ಅದನ್ನು ಹಾಕಿಸಿದರೆ ಗಾಳಿ ತಡೆಯುತ್ತದೆ. ಇಷ್ಟಾದರೆ ಗಾಳಿಯಿಲ್ಲದ ಮೈನಸ್ 5ರವರೆಗೆ, ಕಾಲೇಜಿಗೂ ಸಮಾರಂಭಕ್ಕೂ, ಈ ಕೋಟು ಸಾಕು. ಲೈನಿಂಗಿನ ಬೆನ್ನ ನಡುವೆ ಒಂದಿಂಚಿನ ನೆರಿಗೆ ಬಿಡಲು ಹೇಳಿ, ಇಲ್ಲದಿದ್ದರೆ ಕೈ ಚಾಚಿದಾಗ ಅದೇ ಮೊದಲು ಹರಿಯುತ್ತದೆ. ಕೆಳಗಂಚಿನಲ್ಲಿ ಲೈನಿಂಗನ್ನು ಕೋಟಿಗೆ ಸೇರಿಸಿ ಹೊಲಿಯುವುದು ಬೇಡ. ಉಣ್ಣೆ ಒಂದು ರೀತಿ ಕುಗ್ಗಿದರೆ ಲೈನಿಂಗ್ ಇನ್ನೊಂದು ರೀತಿ ಕುಗ್ಗಿ ಅಂಚು ಸುಕ್ಕಾಗುತ್ತದೆ. ಎರಡನ್ನೂ ಬೇರೆ ಬೇರೆ ಮಡಿಸಿ, ಪಕ್ಕದ ಹೊಲಿಗೆಗಳ ಬಳಿ ಮಾತ್ರ ಒಂದೊಂದು ಇಂಚಿನ ದಾರದ ಕುಣಿಕೆಯಿಂದ ಹಿಡಿಸಿದರೆ ಸಾಕು.