ಬೆನ್ನು ಓರೆಯಾದದ್ದು ಯಾರ ಕಡೆಯಿಂದ?

ಪ್ರಶ್ನೆ: ಡಾಕ್ಟರೇ, ನನ್ನ ದೊಡ್ಡ ಮಗಳಿಗೆ 12 ವರ್ಷ. ದೊಡ್ಡವಳಾಗಿ ಮೂರು ತಿಂಗಳಾಯಿತು. ಹಬ್ಬಕ್ಕೆ ಲಂಗ ರವಿಕೆ ಹೊಲಿಸಲು ಹೋದಾಗ ಟೈಲರಮ್ಮ ‘ಒಂದು ಭುಜ ಮೇಲಿದೆಯಲ್ಲ’ ಎಂದರು. ಎಕ್ಸ್‌ರೇಯಲ್ಲಿ ಬೆನ್ನುಮೂಳೆ 22 ಡಿಗ್ರಿ ಬಾಗಿದೆ, ಸ್ಕೋಲಿಯೋಸಿಸ್ ಅಂತೆ. ನನ್ನ ಅಕ್ಕನಿಗೂ ಹೀಗೇ ಇದೆ. ‘ಇದು ನಿನ್ನ ತವರಿನ ಬಳುವಳಿ’ ಎನ್ನುತ್ತಾರೆ ಅತ್ತೆಯವರು. ನಿಜವೇ? 9 ವರ್ಷದ ಚಿಕ್ಕವಳಿಗೂ ಬರುತ್ತದೆಯೇ?
– ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲು ಆ ಟೈಲರಮ್ಮನಿಗೆ ನನ್ನ ನಮಸ್ಕಾರ ಹೇಳಿ. ಇಂಥ ಬೆನ್ನನ್ನು ನಮಗಿಂತ ಮೊದಲು ಗುರುತಿಸುವವರು ದರ್ಜಿಗಳು, ಜಡೆ ಹಾಕುವ ಅಜ್ಜಿಯರು.

ಇನ್ನು ತವರಿನ ಮಾತು. ಮನೆತನದಲ್ಲಿ ಬರುವುದುಂಟು, ನಿಜ. ಅವಳಿಗಳ ಮೇಲಿನ ಹಳೆಯ ವರದಿಗಳನ್ನೆಲ್ಲ 1997ರಲ್ಲಿ ಒಟ್ಟು ಸೇರಿಸಿ ನೋಡಿದರು. ತದ್ರೂಪಿ ಅವಳಿಗಳಲ್ಲಿ ಇಬ್ಬರಿಗೂ ಇದ್ದದ್ದು ನೂರಕ್ಕೆ 73 ಜೋಡಿಗಳಲ್ಲಿ. ತದ್ರೂಪಿಗಳಲ್ಲದ ಅವಳಿಗಳಲ್ಲಿ 36. ಪೂರಾ ಜೀನಿನದ್ದೇ ಕೆಲಸವಾಗಿದ್ದರೆ ಆ 73 ನೂರಾಗಬೇಕಿತ್ತು, ಅಲ್ವಾ?

ಜೀನುಗಳೂ ಒಂದೆರಡಲ್ಲ. 2011ರಲ್ಲಿ ಜಪಾನಿನ ಸಂಶೋಧಕರಿಗೆ ಎಲ್‌ಬಿಎಕ್ಸ್-1 ಎಂಬ ಜೀನಿನ ಹತ್ತಿರ ಸುಳಿವು ಸಿಕ್ಕಿತು, 2013ರಲ್ಲಿ ಜಿಪಿಆರ್-126ರಲ್ಲಿ. ಒಂದೊಂದರ ಪಾಲೂ ಚಿಕ್ಕದು. ರಕ್ತಪರೀಕ್ಷೆ ಮಾಡಿಸಿ ‘ಇಂಥವರಿಂದ ಬಂತು’ ಎಂದು ಬೊಟ್ಟು ಮಾಡಲು ಆಗುವುದಿಲ್ಲ.

ಇನ್ನೂ ಒಂದಿದೆ. ಸಣ್ಣ ಬಾಗು ಗಂಡುಹುಡುಗರಿಗೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. 30 ಡಿಗ್ರಿ ದಾಟಿ ಬೆಳೆಯುವುದು ಮಾತ್ರ ಹೆಣ್ಣುಮಕ್ಕಳಲ್ಲಿ ಬಹಳ ಜಾಸ್ತಿ. ಅಂದರೆ ನಿಮ್ಮ ಯಜಮಾನರು, ಅವರ ತಂದೆ, ನೆಟ್ಟಗೆ ನಿಂತುಕೊಂಡೇ ತಮ್ಮ ಪಾಲು ಕೊಟ್ಟಿರಬಹುದು! ಅತ್ತೆಯವರಿಗೆ ಇದನ್ನು ಹೇಗೆ ಹೇಳುತ್ತೀರೋ ನಿಮಗೆ ಬಿಟ್ಟದ್ದು. ನನ್ನ ತಂಗಿಯ ಬೆನ್ನಿಗಾಗಿ ನಮ್ಮಮ್ಮನೂ ಇದೇ ಮಾತು ಕೇಳಿದ್ದಳು. ಆಗ ನಾನಿನ್ನೂ ಹೈಸ್ಕೂಲು, ಉತ್ತರ ಗೊತ್ತಿರಲಿಲ್ಲ. ಸ್ಕೂಲ್ ಬ್ಯಾಗನ್ನೂ ಸುಮ್ನೆ ಬೈಯಬೇಡಿ. ಭಾರಕ್ಕೆ ಬೆನ್ನು ನೋಯಬಹುದು, ಈ ಬಾಗು ಬರುವುದಿಲ್ಲ.

ನನಗೆ ಯೋಚನೆಯಿರುವುದು ಮುಂದಿನ ಎರಡು ವರ್ಷದ ಬಗ್ಗೆ. ಮುಟ್ಟು ಈಗಷ್ಟೇ ಶುರುವಾಗಿದೆ, ಅಂದರೆ ಎತ್ತರ ಇನ್ನೂ ಬೆಳೆಯಲಿದೆ. ಬಾಗು ಹೆಚ್ಚುವುದೂ ಆಗಲೇ. ನಾಲ್ಕರಿಂದ ಆರು ತಿಂಗಳಿಗೊಮ್ಮೆ ತೋರಿಸಿ. 25 ಡಿಗ್ರಿ ದಾಟಿದರೆ ಬ್ರೇಸ್, ಅಂದರೆ ಬಾಗು ಹೆಚ್ಚದಂತೆ ಮೈಗೆ ತೊಡುವ ಗಟ್ಟಿ ಪಟ್ಟಿ, ಹೇಳುತ್ತಾರೆ. ಸೆಕೆ, ಸ್ನೇಹಿತೆಯರ ಎದುರು ನಾಚಿಕೆ, ಎಲ್ಲ ಇದ್ದದ್ದೇ. ಆದರೆ 2013ರ ಅಮೆರಿಕ-ಕೆನಡಾ ಅಧ್ಯಯನದಲ್ಲಿ ದಿನಕ್ಕೆ 13 ಗಂಟೆಗಿಂತ ಜಾಸ್ತಿ ಹಾಕಿಕೊಂಡವರಲ್ಲಿ ನೂರಕ್ಕೆ ತೊಂಬತ್ತು ಮಕ್ಕಳ ಬಾಗು 50 ಡಿಗ್ರಿ ಮುಟ್ಟಲಿಲ್ಲ. ಆಪರೇಷನ್ ಮಾತು ಬರುವುದು ಅಲ್ಲಿಗೆ.

ಚಿಕ್ಕವಳಿಗೆ ಬಂದೇ ಬರುತ್ತದೆ ಎಂದೇನಿಲ್ಲ. ಕಾಲು ಜೋಡಿಸಿ ನಿಲ್ಲಿಸಿ, ಅಂಗೈ ಜೋಡಿಸಿ ಮುಂದೆ ಬಗ್ಗಲು ಹೇಳಿ, ಹಿಂದಿನಿಂದ ನೋಡಿ. ಪಕ್ಕೆಲುಬಿನ ಒಂದು ಬದಿ ಎದ್ದು ಕಂಡರೆ ಕರೆದುಕೊಂಡು ಹೋಗಿ. ಆರು ತಿಂಗಳಿಗೊಮ್ಮೆ ಸಾಕು, ದಿನಾ ಬಗ್ಗಿಸಿ ಮಗುವನ್ನು ಹೆದರಿಸಬೇಡಿ.

ದೊಡ್ಡವಳ ಮುಂದಿನ ಎಕ್ಸ್‌ರೇಗೆ ಹಳೆಯ ಫಿಲ್ಮನ್ನೂ ಒಯ್ಯಿರಿ. ಅಳೆಯುವುದರಲ್ಲೇ ಐದು ಡಿಗ್ರಿ ಆಚೀಚೆ ಆಗುತ್ತದೆ. 22 ಇದ್ದದ್ದು 25 ಎಂದರೆ ಗಾಬರಿಯಾಗದೆ, ಎರಡನ್ನೂ ಒಬ್ಬರೇ ಪಕ್ಕಪಕ್ಕ ಇಟ್ಟು ಅಳೆಯಲಿ ಎಂದು ಕೇಳಿ.