ಲಾರೆಲ್-ಹಾರ್ಡಿ ಚಿತ್ರಗಳ ಆ ಬೋಳುತಲೆಯ ಸಿಡುಕ ಯಾರು?

ಹಳೆಯ ಹಾಲಿವುಡ್ ಹಾಸ್ಯ ಚಿತ್ರಗಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಬ್ಬರನ್ನೇ ಕುರಿತವು. ಕೆಲವರಿಗೆ ಹೆಸರು ಗೊತ್ತಿಲ್ಲ, ಮುಖ ಮಾತ್ರ ಗೊತ್ತು. ಹಾಗಾಗಿ ಇವತ್ತು ಬೇರೆ ಯಾರಿಗೂ ಜಾಗ ಇಲ್ಲ.

ಪ್ರಶ್ನೆ: ಲಾರೆಲ್-ಹಾರ್ಡಿ ಚಿತ್ರಗಳಲ್ಲಿ ಬೋಳುತಲೆ, ದೊಡ್ಡ ಮೀಸೆಯ ಒಬ್ಬ ಮನುಷ್ಯ ಪದೇ ಪದೇ ಬರುತ್ತಾನೆ. ಒಂದು ಕಣ್ಣು ಕಿರಿದು ಮಾಡಿ ಇನ್ನೊಂದರಲ್ಲಿ ದುರುಗುಟ್ಟಿ ನೋಡುತ್ತಾನೆ. ಯಾರು ಅದು? ಆ ಮೀಸೆ ನಿಜದ್ದಾ?

ಅವರು ಜೇಮ್ಸ್ ಫಿನ್ಲೇಸನ್. ಮೀಸೆ ಅಂಟಿಸಿಕೊಂಡದ್ದು. ಬೋಳುತಲೆ ಮಾತ್ರ ಸ್ವಂತದ್ದು.

ಹುಟ್ಟಿದ್ದು 1887ರ ಆಗಸ್ಟ್ 27ರಂದು, ಸ್ಕಾಟ್ಲೆಂಡಿನ ಲಾರ್ಬರ್ಟ್ ಎಂಬ ಊರಿನಲ್ಲಿ. 1911ರ ಸುಮಾರಿಗೆ ಅಮೆರಿಕಕ್ಕೆ ಬಂದರು. ಅಲ್ಲಿ ಕೈ ಹಿಡಿದದ್ದು ನಾಟಕ. 'ಬಂಟಿ ಪುಲ್ಸ್ ದ ಸ್ಟ್ರಿಂಗ್ಸ್' ಎಂಬ ಸ್ಕಾಟಿಷ್ ಹಾಸ್ಯ ನಾಟಕದ ತಂಡದ ಜೊತೆ ಊರೂರು ಸುತ್ತಿದರು. 1916ರ ಹೊತ್ತಿಗೆ ನಾಟಕ ಬಿಟ್ಟು ಲಾಸ್ ಏಂಜಲೀಸ್‌ನಲ್ಲಿ ಸಿನಿಮಾ ಹಿಡಿದರು. ಮುಂದೆ ಮ್ಯಾಕ್ ಸೆನೆಟ್ ಅವರ ಹಾಸ್ಯ ಚಿತ್ರಗಳ ಕಂಪನಿಯಲ್ಲಿ ಕೆಲಸ, 1923ರಿಂದ ಹ್ಯಾಲ್ ರೋಚ್ ಅವರ ಸ್ಟುಡಿಯೋದಲ್ಲಿ. ನಾವೆಲ್ಲ ನೋಡಿರುವುದು ಈ ಎರಡನೇ ಕಡೆ ಮಾಡಿದ ಚಿತ್ರಗಳನ್ನೇ. ಲಾರೆಲ್-ಹಾರ್ಡಿ ಜೊತೆ ಅವರು ಒಟ್ಟು 33 ಚಿತ್ರಗಳಲ್ಲಿ ಇದ್ದಾರೆ ಅನ್ನುವುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ.

ಅವರ ಟ್ರೇಡ್‌ಮಾರ್ಕ್ ಯಾವುದು ಅಂದರೆ 'ಡಬಲ್ ಟೇಕ್'. ನಿಧಾನಕ್ಕೆ ಓಡಿಸಿ ನೋಡಿ, ಆಗ ಗೊತ್ತಾಗುತ್ತದೆ ಎಷ್ಟು ಲೆಕ್ಕಾಚಾರ ಇದೆ ಅಂತ. ಮೊದಲು ಸುಮ್ನೆ ಒಮ್ಮೆ ನೋಡುತ್ತಾರೆ. ಏನೂ ಆಗಿಲ್ಲ ಎಂಬಂತೆ ಮುಖ ತಿರುಗಿಸುತ್ತಾರೆ. ನೋಡಿದ್ದು ತಲೆಗೆ ಇಳಿಯಲು ಅರೆಕ್ಷಣ ಬೇಕು. ಇಳಿದದ್ದೇ ತಡ, ಕತ್ತು ಗಿರಕ್ಕನೆ ತಿರುಗುತ್ತದೆ, ಹುಬ್ಬು ಮೇಲೇರುತ್ತದೆ, ಒಂದು ಕಣ್ಣು ಮುಚ್ಚಿಕೊಳ್ಳುತ್ತದೆ. ಬೇರೆ ನಟರು ಇಲ್ಲಿಗೆ ನಿಲ್ಲಿಸುತ್ತಾರೆ. ಫಿನ್ಲೇಸನ್ ಅಲ್ಲಿಂದ ಮುಂದೆ ಇಡೀ ತಲೆಯನ್ನೇ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಎದುರಿಗಿರುವುದು ಕಚ್ಚಿಬಿಡುತ್ತದೆ ಅನ್ನುವ ಹಾಗೆ. ಮೀಸೆ ಮಾತ್ರ ಮುಂದೆಯೇ ಉಳಿದಂತೆ ಕಾಣುತ್ತದೆ. ಆ ಮೀಸೆ ಯಾಕೆ ಬೇಕಿತ್ತು ಅನ್ನುವುದಕ್ಕೆ ಇದೇ ಉತ್ತರ. ಮುಖದ ಅರ್ಧ ಕೆಲಸ ಅದೇ ಮಾಡುತ್ತದೆ.

ಪ್ರಶ್ನೆ: 'ಬಿಗ್ ಬಿಸಿನೆಸ್' ಚಿತ್ರದಲ್ಲಿ ಲಾರೆಲ್-ಹಾರ್ಡಿ ಒಂದು ಮನೆಯನ್ನು ಪುಡಿಪುಡಿ ಮಾಡುತ್ತಾರಲ್ಲ, ಅದು ತಪ್ಪಾಗಿ ಬೇರೆ ಯಾರದ್ದೋ ಮನೆಯಂತೆ, ಹೌದಾ? ಮನೆಯವರು ವಾಪಸ್ ಬಂದು ಕಂಗಾಲಾದರು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು.

ಕಥೆ ವಾಟ್ಸಾಪ್‌ನಲ್ಲಿ ಹುಟ್ಟಿದ್ದಲ್ಲ. ಚಿತ್ರದ ನಿರ್ಮಾಪಕ ಹ್ಯಾಲ್ ರೋಚ್ ಅವರೇ ಹೇಳಿಕೊಂಡು ಬಂದದ್ದು. ಸ್ಟುಡಿಯೋ ಒಂದು ಮನೆ ಗೊತ್ತು ಮಾಡಿತ್ತು, ತಂಡ ಹೋಗಿ ಇನ್ನೊಂದನ್ನು ಒಡೆಯಿತು ಅನ್ನುವುದು ಅವರ ಮಾತು. ಸ್ಟ್ಯಾನ್ ಲಾರೆಲ್ ಇದನ್ನು ಒಪ್ಪಲಿಲ್ಲ. ಅದು ಸ್ಟುಡಿಯೋದ ಕೆಲಸಗಾರರೊಬ್ಬರ ಮನೆ, ಎಲ್ಲ ಮೊದಲೇ ಮಾತಾಡಿಕೊಂಡು ಮಾಡಿದ್ದು ಅಂದರು. ನಾನು ಲಾರೆಲ್ ಪಕ್ಷ. ರೋಚ್ ನೂರು ವರ್ಷ ಬದುಕಿದ ಸೊಗಸಾದ ಮಾತುಗಾರ, ಅವರ ಕಥೆಗಳು ರುಚಿ ಜಾಸ್ತಿ. ಆದರೆ ಚಿತ್ರ ನೋಡಿ: ಬಾಗಿಲು, ಕಿಟಕಿ, ಹುಲ್ಲುಹಾಸು, ಪಿಯಾನೋ ಎಲ್ಲ ಒಂದೊಂದಾಗಿ, ಬೇರೆಬೇರೆ ಕೋನದಿಂದ ಚಿತ್ರಿಸಿ ಒಡೆದದ್ದು. ತಪ್ಪು ಮನೆಯಲ್ಲಿ ಅಷ್ಟು ನಿಧಾನವಾಗಿ ಕೂತು ಮಾಡುವ ಕೆಲಸ ಅಲ್ಲ ಅದು. ಮನೆ ಇದ್ದದ್ದು ಲಾಸ್ ಏಂಜಲೀಸ್‌ನ ಚೆವಿಯಟ್ ಹಿಲ್ಸ್ ಬಡಾವಣೆಯಲ್ಲಿ.

ಪ್ರಶ್ನೆ ಮನೆಯದ್ದು ನಿಜ, ಆದರೆ ಈ ಚಿತ್ರ ಬಂತು ಅಂದಮೇಲೆ ಅದರಲ್ಲಿ ಮನೆಯೊಡೆಯನಾಗಿರುವ ಫಿನ್ಲೇಸನ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ.

1929ರ ಮೂಕಿ ಚಿತ್ರ, ಎರಡು ರೀಲು, ಅಂದರೆ ಸುಮಾರು ಇಪ್ಪತ್ತು ನಿಮಿಷ. ಲಾರೆಲ್-ಹಾರ್ಡಿ ಬಿಸಿಲಿನ ಕ್ಯಾಲಿಫೋರ್ನಿಯಾದಲ್ಲಿ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಮರ ಮಾರುತ್ತಿದ್ದಾರೆ. ಫಿನ್ಲೇಸನ್ ಮನೆಗೆ ಬರುತ್ತಾರೆ. ಆತ ಬೇಡ ಅಂತ ಬಾಗಿಲು ಹಾಕುತ್ತಾನೆ. ಮರದ ಕೊಂಬೆ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಗಂಟೆ ಒತ್ತುತ್ತಾರೆ. ಬಾಗಿಲು ತೆರೆದು ಮತ್ತೆ ಹಾಕಿದಾಗ ಕೋಟು ಸಿಕ್ಕಿಕೊಳ್ಳುತ್ತದೆ. ಮತ್ತೆ ಗಂಟೆ. ಕೊನೆಗೆ ಆತ ಕತ್ತರಿ ತಂದು ಮರವನ್ನೇ ಕತ್ತರಿಸುತ್ತಾನೆ. ಅಲ್ಲಿಂದ ಶುರು. ಇವರು ಮನೆಯ ನಂಬರ್ ಕಿತ್ತರೆ ಅವನು ಹಾರ್ಡಿಯ ಗಡಿಯಾರ ಒಡೆಯುತ್ತಾನೆ. ಇವರು ಫೋನಿನ ತಂತಿ ಕತ್ತರಿಸಿದರೆ ಅವನ ಕೈ ಹಾರ್ಡಿಯ ಬಟ್ಟೆಗೆ ಹೋಗುತ್ತದೆ. ಆಮೇಲೆ ಅವನು ಇವರ ಫೋರ್ಡ್ ಕಾರಿಗೆ ನುಗ್ಗುತ್ತಾನೆ, ಇವರು ಅವನ ಮನೆಗೆ.

ಇದರಲ್ಲಿ ಒಂದು ನಿಯಮ ಇದೆ. ಒಬ್ಬ ಒಡೆಯುವಾಗ ಇನ್ನೊಬ್ಬ ತಡೆಯುವುದಿಲ್ಲ. ಕೈಕಟ್ಟಿ ಪೂರ್ತಿ ನೋಡುತ್ತಾನೆ, ಮುಗಿದ ಮೇಲೆ ತನ್ನ ಸರದಿ. ಲಾರೆಲ್ ಮತ್ತು ಹಾರ್ಡಿ ಇದನ್ನು ಬಹಳ ಮರ್ಯಾದೆಯಿಂದ ಪಾಲಿಸುತ್ತಾರೆ. ಫಿನ್ಲೇಸನ್‌ಗೆ ಅಷ್ಟು ತಾಳ್ಮೆ ಎಲ್ಲಿಯದು? ಅವನ ಸಿಟ್ಟು ಏರುತ್ತಲೇ ಹೋಗುತ್ತದೆ. ಕೊನೆಗೆ ಒಡೆಯಲು ಏನೂ ಉಳಿಯದೆ ಕ್ರಿಸ್‌ಮಸ್ ಮರದ ಜೊತೆಗೇ ಹುಲ್ಲಿನ ಮೇಲೆ ಕುಸ್ತಿಗೆ ಬೀಳುತ್ತಾನೆ. ಅತ್ತ ಹಾರ್ಡಿ ಸನಿಕೆಯನ್ನೇ ಬ್ಯಾಟ್ ಮಾಡಿಕೊಂಡು, ಲಾರೆಲ್ ಎಸೆದ ಹೂದಾನಿಗಳನ್ನು ಹೊಡೆಯುತ್ತಿದ್ದಾನೆ. ಪೊಲೀಸಿನವನು ಪುಸ್ತಕ ತೆಗೆದು ಎಲ್ಲ ಬರೆದುಕೊಳ್ಳುತ್ತಿದ್ದಾನೆ, ಅಷ್ಟೇ. ಕೊನೆಗೆ ಎಲ್ಲರೂ ಅತ್ತು ರಾಜಿಯಾಗುತ್ತಾರೆ. ಲಾರೆಲ್ ಕೊಟ್ಟ ಸಿಗಾರ್ ಫಿನ್ಲೇಸನ್ ಮುಖದ ಮೇಲೆ ಸಿಡಿಯುತ್ತದೆ.

ನನ್ನ ಪ್ರಕಾರ ಈ ಚಿತ್ರ ನಿಂತಿರುವುದು ಅವರ ಮೇಲೆ. ಮನೆ ಒಡೆಯುವುದರಲ್ಲಿ ಅಂಥ ನಗು ಏನಿದೆ? ಪ್ರತಿ ಏಟಿಗೂ ಎದುರಿಗೆ ಆ ಮುಖ ಇದೆ, ಅದಕ್ಕೇ ನಗು. ಕಾಪಾಡಿ ಇಡಬೇಕಾದ ಚಿತ್ರಗಳ ಪಟ್ಟಿಯಾದ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ 1992ರಲ್ಲಿ ಈ ಚಿತ್ರ ಸೇರಿತು.

ಪ್ರಶ್ನೆ: ಇಷ್ಟು ಒಳ್ಳೆಯ ನಟ ಯಾಕೆ ಸ್ಟಾರ್ ಆಗಲಿಲ್ಲ? ಲಾರೆಲ್-ಹಾರ್ಡಿ ಅವರಿಗೆ ಅವಕಾಶ ತಪ್ಪಿಸಿದರೇ?

ಯಾರೂ ತಪ್ಪಿಸಲಿಲ್ಲ. ಸ್ಟುಡಿಯೋ ಅವರನ್ನು ಮುಂದೆ ತರಲು ನೋಡಿತ್ತು ಕೂಡ. 1927ರಲ್ಲಿ 'ಲವ್ ಎಮ್ ಅಂಡ್ ವೀಪ್' ಅಂತ ಒಂದು ಚಿತ್ರ ಬಂತು. ಅದರಲ್ಲಿ ನಾಯಕ ಫಿನ್ಲೇಸನ್. ದೊಡ್ಡ ವ್ಯಾಪಾರಿ, ಗೌರವಸ್ಥ. ಹಳೆಯ ಗೆಳತಿಯೊಬ್ಬಳು ಹಳೆಯ ಫೋಟೋ ಹಿಡಿದು ಹೆದರಿಸಲು ಬರುತ್ತಾಳೆ. ಅವಳನ್ನು ಮನೆಯಿಂದ ದೂರ ಇಡುವ ಕೆಲಸ ಸಹಾಯಕನಿಗೆ, ಅಂದರೆ ಸ್ಟ್ಯಾನ್ ಲಾರೆಲ್‌ಗೆ. ಆಲಿವರ್ ಹಾರ್ಡಿ ಎಲ್ಲಿ? ಪಾರ್ಟಿಗೆ ಬರುವ ಅತಿಥಿಗಳಲ್ಲಿ ಒಬ್ಬ. ಪುಟ್ಟ ಪಾತ್ರ.

ನಾಲ್ಕು ವರ್ಷ ಕಳೆಯಿತು. 1931ರಲ್ಲಿ ಇದೇ ಕಥೆಯನ್ನು 'ಚಿಕನ್ಸ್ ಕಮ್ ಹೋಮ್' ಹೆಸರಿನಲ್ಲಿ ಟಾಕಿಯಾಗಿ ಮತ್ತೆ ತೆಗೆದರು. ಈಗ ಆ ವ್ಯಾಪಾರಿಯ ಪಾತ್ರ ಹಾರ್ಡಿಗೆ. ಸಹಾಯಕ ಲಾರೆಲ್ಲೇ. ಗೆಳತಿಯಾಗಿ ಮೇ ಬುಷ್, ಆಗಲೂ ಅವರೇ, ಈಗಲೂ ಅವರೇ. ಫಿನ್ಲೇಸನ್‌ಗೆ ಸಿಕ್ಕಿದ್ದು ಬಟ್ಲರ್ ಪಾತ್ರ! ತಾನೇ ಯಜಮಾನನಾಗಿದ್ದ ಕಥೆಯಲ್ಲಿ ಈಗ ಅಡುಗೆಮನೆ ಕಡೆಯಿಂದ ಬರುವ ಆಳು.

ಕೇಳಿದರೆ ಪಾಪ ಅನಿಸುತ್ತದೆ, ಅಲ್ವಾ? ಎರಡೂ ಚಿತ್ರ ಒಂದರ ಹಿಂದೆ ಒಂದು ನೋಡಿದರೆ ಹಾಗೆ ಅನಿಸುವುದಿಲ್ಲ. ನಾಯಕನಾಗಿ ಅವರು ಚಿತ್ರದ ಉದ್ದಕ್ಕೂ ಗಾಬರಿ, ಸಿಟ್ಟು, ಗಾಬರಿ. ಶುರುವಿನಲ್ಲೇ ಅಷ್ಟು ಜೋರಾದರೆ ಮುಂದೆ ಏರಲು ಜಾಗ ಎಲ್ಲಿ? ಹಾರ್ಡಿ ಅದೇ ಪಾತ್ರದಲ್ಲಿ ಟೈ ಸರಿಮಾಡಿಕೊಂಡು, ನಯವಾಗಿ ಮಾತಾಡಿ, ಮೆಲ್ಲಗೆ ಕುಸಿಯುತ್ತಾರೆ. ನೋಡುವವರಿಗೆ ಅವರ ಮೇಲೆ ಕನಿಕರ ಬರುತ್ತದೆ. ಫಿನ್ಲೇಸನ್ ಮೇಲೆ ಕನಿಕರ ಬರುವುದು ಕಷ್ಟ, ಬರಬೇಕಾದ ಅಗತ್ಯವೂ ಇಲ್ಲ. ಅದೇ ಬಟ್ಲರ್ ಆಗಿ ಬಂದಾಗ ನೋಡಿ. ಎಲ್ಲ ಕೇಳಿಸಿಕೊಂಡಿದ್ದಾನೆ. ಬಾಯಿ ಮುಚ್ಚಿಕೊಂಡಿರಲು ಹಾರ್ಡಿಯಿಂದ ಕಾಸು ಕೀಳುತ್ತಾನೆ, ಒಂದು ಸಲಕ್ಕೆ ಬಿಡುವುದೂ ಇಲ್ಲ. ಬರೀ ಕೆಲವು ನಿಮಿಷದ ಪಾತ್ರ. ಪ್ರತಿ ಸಲ ಬಾಗಿಲಲ್ಲಿ ಆ ಮೀಸೆ ಕಂಡರೆ ಸಾಕು, ನಗು ಶುರು.

ನಡುವೆ 1928ರ ಸುಮಾರಿಗೆ ರೋಚ್ ಸ್ಟುಡಿಯೋ ಬಿಟ್ಟು ಫಸ್ಟ್ ನ್ಯಾಷನಲ್ ಕಂಪನಿಯ ದೊಡ್ಡ ಚಿತ್ರಗಳಿಗೂ ಹೋಗಿ ಬಂದರು. ಅಲ್ಲಿ ದೊಡ್ಡ ಹೆಸರೇನೂ ಆಗಲಿಲ್ಲ. ವಾಪಸ್ ಬಂದ ವರ್ಷವೇ 'ಬಿಗ್ ಬಿಸಿನೆಸ್'. ಸ್ಟಾರ್ ಆಗಲಿಲ್ಲ ಅನ್ನುವುದನ್ನು ಸೋಲು ಅಂತ ಬರೆಯುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಆ ಮುಖಕ್ಕೆ ಐದು ನಿಮಿಷವೇ ಸರಿಯಾದ ಅಳತೆ.

ಪ್ರಶ್ನೆ: 'ದ ಸಿಂಪ್ಸನ್ಸ್' ಕಾರ್ಟೂನಿನ ಹೋಮರ್ 'ಡೋ!' ಅನ್ನುವುದು ಇವರಿಂದ ಕದ್ದದ್ದಂತೆ?

ಕದ್ದದ್ದು ಅನ್ನಬೇಡಿ, ಹೋಮರ್‌ಗೆ ದನಿ ಕೊಟ್ಟ ಡ್ಯಾನ್ ಕ್ಯಾಸ್ಟೆಲನೆಟಾ ಅವರೇ ಹೆಸರು ಹೇಳಿ ಋಣ ಒಪ್ಪಿಕೊಂಡಿದ್ದಾರೆ. ಸ್ಕ್ರಿಪ್ಟಿನಲ್ಲಿ ಸಿಟ್ಟಿನ ಒಂದು ಹೂಂಕಾರ ಬೇಕು ಅಂತ ಮಾತ್ರ ಇತ್ತು. ಅವರಿಗೆ ಫಿನ್ಲೇಸನ್ ನೆನಪಾದರು. ಟಾಕಿ ಬಂದ ಮೇಲೆ ಫಿನ್ಲೇಸನ್ ಏನಾದರೂ ಎಡವಟ್ಟಾದಾಗ 'ಡೋಓಓಓ' ಅಂತ ಎಳೆಯುತ್ತಿದ್ದರು. ಬಯ್ಯಬೇಕು ಅಂತ ಬಾಯಿ ತೆರೆದು, ಪರದೆ ಮೇಲೆ ಬಯ್ಯುವಂತಿಲ್ಲ ಅಂತ ನುಂಗಿಕೊಂಡ ದನಿ ಅದು. ಕಾರ್ಟೂನಿನ ಸೃಷ್ಟಿಕರ್ತ ಮ್ಯಾಟ್ ಗ್ರೇನಿಂಗ್, ಇಷ್ಟು ಎಳೆದರೆ ಆಗಲ್ಲ, ಚುಟುಕು ಮಾಡಿ ಅಂದರು. ಹಾಗೆ 'ಡೋ!' ಆಯಿತು. 2001ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲೂ ಜಾಗ ಸಿಕ್ಕಿತು.

ಪ್ರಶ್ನೆ: ಇದೇ ಚಿತ್ರಗಳಲ್ಲಿ ಇನ್ನೊಬ್ಬ ಬೋಳುತಲೆಯವರೂ ಬರುತ್ತಾರೆ, ಅಂಗೈಯಿಂದ ಮುಖ ಒರೆಸಿಕೊಳ್ಳುತ್ತಾರೆ. ಅವರೂ ಫಿನ್ಲೇಸನ್ನೇ?

ಅಲ್ಲ, ಅವರು ಎಡ್ಗರ್ ಕೆನಡಿ. ಮಾರ್ಕ್ಸ್ ಸೋದರರು ಎಂಬ ಹಾಸ್ಯ ತಂಡದ 'ಡಕ್ ಸೂಪ್' ನೋಡಿದ್ದರೆ ಅದರಲ್ಲಿ ನಿಂಬೆ ಪಾನಕ ಮಾರುವವರೂ ಅವರೇ. ಗುರುತು ಹಿಡಿಯುವುದು ಸುಲಭ. ಕೆನಡಿಯವರ ಸಿಟ್ಟು ಒಳಗೇ ಕುದಿಯುತ್ತದೆ, ಕೈ ನಿಧಾನವಾಗಿ ಹಣೆಯಿಂದ ಗಲ್ಲದವರೆಗೆ ಇಳಿಯುತ್ತದೆ. ಅದಕ್ಕೆ 'ಸ್ಲೋ ಬರ್ನ್' ಅಂತಲೇ ಹೆಸರು. ಫಿನ್ಲೇಸನ್‌ದು ಪಟಾಕಿ.

ಪ್ರಶ್ನೆ: ಕೊನೆಗಾಲದಲ್ಲಿ ಅವರ ಸ್ಥಿತಿ ಹೇಗಿತ್ತು? ಹೊಸದಾಗಿ ನೋಡುವವರು ಯಾವ ಚಿತ್ರದಿಂದ ಶುರು ಮಾಡಬೇಕು?

ಲಾರೆಲ್-ಹಾರ್ಡಿ ಜೊತೆ ಅವರ ಕೊನೆಯ ಚಿತ್ರ 1940ರ 'ಸ್ಯಾಪ್ಸ್ ಅಟ್ ಸೀ'. ಆಮೇಲೆ ಆ ಜೋಡಿಯೂ ರೋಚ್ ಸ್ಟುಡಿಯೋ ಬಿಟ್ಟಿತು. ಫಿನ್ಲೇಸನ್‌ಗೆ ಚಿಲ್ಲರೆ ಪಾತ್ರಗಳೇ ಉಳಿದವು. ಹಿಚ್‌ಕಾಕ್ ಅವರ 'ಫಾರಿನ್ ಕರೆಸ್ಪಾಂಡೆಂಟ್'ನಲ್ಲಿ ಡಚ್ ರೈತ, 1951ರ 'ರಾಯಲ್ ವೆಡ್ಡಿಂಗ್'ನಲ್ಲಿ ಟ್ಯಾಕ್ಸಿ ಡ್ರೈವರ್, ಹೀಗೆ. 1942ರಲ್ಲಿ ಅಮೆರಿಕದ ಪೌರತ್ವ ಪಡೆದರು. 1953ರ ಅಕ್ಟೋಬರ್ 9ರಂದು ಲಾಸ್ ಏಂಜಲೀಸ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ 66 ವರ್ಷ.

ಮೊದಲು 'ಬಿಗ್ ಬಿಸಿನೆಸ್' ನೋಡಿ, ಬೇರೆ ಮಾತೇ ಇಲ್ಲ. 2025ರಿಂದ ಅಮೆರಿಕದಲ್ಲಿ ಅದರ ಹಕ್ಕುಸ್ವಾಮ್ಯ ಮುಗಿದಿದೆ, ಹಾಗಾಗಿ ಹುಡುಕಾಟ ಸುಲಭ. ಮೂಕಿ ಅಂದರೆ ಬೇಜಾರು ಅನ್ನುವವರು ನೇರ 1937ರ 'ವೇ ಔಟ್ ವೆಸ್ಟ್'ಗೆ ಹೋಗಬಹುದು. ಅಲ್ಲಿ ಅವರು ಸಲೂನ್, ಅಂದರೆ ಹೆಂಡದಂಗಡಿ, ಮಾಲೀಕ ಮಿಕ್ಕಿ ಫಿನ್. ಚಿನ್ನದ ಗಣಿಯ ಪತ್ರ ಸೇರಬೇಕಾದ ಹುಡುಗಿಯ ಬದಲು ತನ್ನ ಕಡೆಯ ಹೆಂಗಸನ್ನು ನಿಲ್ಲಿಸಿ, ಪತ್ರ ತಂದ ಲಾರೆಲ್-ಹಾರ್ಡಿ ಇಬ್ಬರನ್ನೂ ಯಾಮಾರಿಸುತ್ತಾನೆ. ಪೂರ್ತಿ ಖಳನಾಗಿ ಅವರನ್ನು ನೋಡಬೇಕಾದರೆ ಇದೇ. 1935ರ 'ಬಾನಿ ಸ್ಕಾಟ್ಲೆಂಡ್' ಕಥೆ ಬ್ರಿಟಿಷ್ ಸೈನ್ಯದ ಜೊತೆ ಭಾರತಕ್ಕೂ ಬರುತ್ತದೆ. ಫಿನ್ಲೇಸನ್ ಅಲ್ಲಿ ಸಾರ್ಜೆಂಟ್ ಮೇಜರ್. ಆದರೆ ಆ 'ಭಾರತ' ನೋಡಿ ನಗಬೇಕೋ ಅಳಬೇಕೋ ತಿಳಿಯದು. ನನಗೆ ಚಿತ್ರ ಸಪ್ಪೆ ಅನಿಸಿತು, ಸಮಯ ಇದ್ದರೆ ಮಾತ್ರ ನೋಡಿ.

'ಸ್ಯಾಪ್ಸ್ ಅಟ್ ಸೀ' ಬಿಡಬೇಡಿ. ಹಾರ್ನ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನರ ಕೆಟ್ಟ ಹಾರ್ಡಿಯನ್ನು ನೋಡಲು ಡಾಕ್ಟರ್ ಫಿನ್ಲೇಸನ್ ಬರುತ್ತಾರೆ. ಹೌದು, ಪಾತ್ರದ ಹೆಸರೂ ಅದೇ. ಶ್ವಾಸಕೋಶ ಪರೀಕ್ಷಿಸಲು ಅವರದೇ ಒಂದು ಯಂತ್ರ ಇದೆ. ಯಂತ್ರ ಅಂದರೆ ಒಂದು ಬಲೂನು. ಹಾರ್ಡಿ ಊದುತ್ತಾ ಹೋಗುತ್ತಾನೆ, ಅದು ಉಬ್ಬುತ್ತಾ ಹೋಗುತ್ತದೆ. ಒಡೆದ ಮೇಲೆ ಡಾಕ್ಟರ್ ಕೊಡುವ ಚಿಕಿತ್ಸೆ: ಸಮುದ್ರದ ಗಾಳಿ ಮತ್ತು ಮೇಕೆ ಹಾಲು.