ಯೀಸ್ಟ್, ನೊಣ, ಇಲಿಗಳ ಜೀನ್ ಚಟುವಟಿಕೆ ಅಳೆದರೆ ಮನುಷ್ಯರ ಬಗ್ಗೆ ತಿಳಿಯುವುದು ಹೇಗೆ?

ಜೀವಕೋಶದ ಮೂಲ ಕೆಲಸಗಳನ್ನು ನಡೆಸುವ ಎಷ್ಟೋ ಜೀನ್‌ಗಳು ಅವಕ್ಕೂ ನಮಗೂ ಒಂದೇ ಪೂರ್ವಜರಿಂದ ಬಂದಿವೆ, ಅದಕ್ಕೇ. ಜೀನ್ ಕೆಲಸಕ್ಕಿಳಿದಾಗ ಅದರ ಸಂದೇಶ ಹೊತ್ತ ಎಂಆರ್‌ಎನ್‌ಎ ಪ್ರತಿಗಳು ತಯಾರಾಗುತ್ತವೆ. ಅವನ್ನೆಲ್ಲ ಒಟ್ಟಿಗೆ ಅಳೆದರೆ ಆ ಹೊತ್ತಿನಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ಗೊತ್ತಾಗುತ್ತದೆ. ಜೊತೆಜೊತೆಗೆ ಏರಿಳಿಯುವ ಜೀನ್‌ಗಳು ಹೆಚ್ಚಾಗಿ ಒಂದೇ ಕೆಲಸಕ್ಕೆ ಸೇರಿದವು; ಇಡೀ ವಿಧಾನದ ಜೀವಾಳ ಇದೇ. 1998ರಲ್ಲಿ ಯೀಸ್ಟಿನ ಸುಮಾರು 6,000 ಜೀನ್‌ಗಳನ್ನು ಹೀಗೆ ಪರೀಕ್ಷಿಸಿದಾಗ, ಸುಮಾರು 800 ಜೀನ್‌ಗಳು ಕೋಶ ವಿಭಜನೆಯ ಲಯಕ್ಕೆ ತಕ್ಕಂತೆ ಏರಿಳಿಯುವುದು ಕಂಡಿತು. ಅವುಗಳಲ್ಲಿ ಹಲವಕ್ಕೆ ಮನುಷ್ಯರಲ್ಲೂ ಸರಿಜೋಡಿಗಳಿವೆ, ನಿಜಕ್ಕೂ ಬೆರಗಿನ ಸಂಗತಿ! ಆದರೆ ಎಂಆರ್‌ಎನ್‌ಎ ಹೆಚ್ಚಿದ್ದಲ್ಲೆಲ್ಲ, ಅದರ ಸಂದೇಶದಂತೆ ತಯಾರಾಗಿ ಕೋಶದ ಕೆಲಸ ಮಾಡುವ ಪ್ರೋಟೀನ್ ಅಷ್ಟೇ ಹೆಚ್ಚಿರುವುದಿಲ್ಲ. ಹಾಗಾಗಿ ಒಂದು ಜೀನ್ ಇಂಥ ಕೆಲಸಕ್ಕೆ ಸೇರಿದ್ದೆಂದು ಅನಿಸಿದರೆ, ಅದನ್ನು ನಿಷ್ಕ್ರಿಯಗೊಳಿಸಿ, ಕೆಲಸ ನಿಲ್ಲುತ್ತದೆಯೇ ಎಂದು ಬೇರೆಯಾಗಿ ನೋಡಲೇಬೇಕು.